ಇನ್ನೂ ನಡೆಯುತ್ತಿರುವ ಜಗಳ

ನಮ್ಮ ಊರಿನಲ್ಲಿ ಜಗಳ ಆಡುವಂತಿಲ್ಲ. ಹಾಗೆಂದ ಮಾತ್ರಕ್ಕೆ ನಮ್ಮ ಜನ ಸಾಧುಗಳು ಎಂದು ಯಾರೂ ತಿಳಿಯಬೇಕಾಗಿಲ್ಲ. ಬೇರೆ ಊರುಗಳಲ್ಲಿ ಇರುವಷ್ಟೇ ಹೊಟ್ಟೆಕಿಚ್ಚು, ಹಟ, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸುವ ಚಪಲ ಎಲ್ಲವೂ ನಮಗೂ ಇವೆ. ಆ ವಿಷಯದಲ್ಲಿ ದೇವರು ನಮಗೇನೂ ಕಡಿಮೆ ಮಾಡಿಲ್ಲ. ಆದರೆ ಜಗಳವನ್ನು ನಾವು ಆಡುವುದಿಲ್ಲ, ಆಡಿಸುತ್ತೇವೆ. ಪುರಸಭೆಯ ಹಿಂದಿನ ಕೋಣೆಯಲ್ಲಿ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇದೆ, ಅದರೊಳಗೆ ಪ್ಲಗಿನ್ ಎಂಬ ಒಂದು ಪುಟ್ಟ ತಂತ್ರಾಂಶದ ಜೋಡಣೆ ಇದೆ, ಊರಿನ ಜಗಳಗಳೆಲ್ಲ ಅದರೊಳಗೆ ನಡೆಯುತ್ತವೆ.

ಆ ಪ್ಲಗಿನ್ ಹಾಕಿಹೋದವನು ಕಂದಾಯದ ತಂತ್ರಾಂಶ ರಿಪೇರಿಗೆಂದು ಹೊರಗಿನಿಂದ ಬಂದಿದ್ದ ಒಬ್ಬ ಕನ್ನಡಕದ ಮನುಷ್ಯ. ಒಂದು ಕಂಪ್ಯೂಟರಿನೊಳಗೆ ಬೇಕಾದಷ್ಟು ಪುಟ್ಟ ಕಂಪ್ಯೂಟರುಗಳನ್ನು ಓಡಿಸಬಹುದು, ಅವಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ, ತುಂಬಾ ಹಗುರ, ಸೀನುವಷ್ಟರಲ್ಲಿ ಶುರುವಾಗುತ್ತವೆ, ಒಳಗೆ ಏನೇ ಅನಾಹುತವಾದರೂ ಹೊರಗೆ ಧಕ್ಕೆಯಿಲ್ಲ, ಬೇಡವಾದರೆ ಮುಚ್ಚಿದರಾಯಿತು, ಗುರುತೂ ಉಳಿಯುವುದಿಲ್ಲ ಎಂದು ಆತ ವಿವರಿಸಿದನಂತೆ. ಎರಡು ಸಂಸಾರವಿದ್ದ ಆಗಿನ ಅಧ್ಯಕ್ಷರಿಗೆ ಕೊನೆಯ ಮಾತು ಬಹಳ ಹಿಡಿಸಿತು. ಪರದೆಯ ಮೂಲೆಯಲ್ಲಿ 'ಇದು ಪ್ರಾಯೋಗಿಕ, ಮುಖ್ಯವಾದ ಕೆಲಸಗಳಿಗೆ ಬಳಸಬೇಡಿ' ಎಂದು ಕೆಂಪು ಅಕ್ಷರದಲ್ಲಿ ಇಂದಿಗೂ ಇದೆ. ಸದಸ್ಯರು ಅದನ್ನು ಓದಿ, ಚರ್ಚಿಸಿ, ಗಂಡಹೆಂಡಿರ ಜಗಳ, ಅತ್ತೆಸೊಸೆಯರ ಜಗಳ, ಚರಂಡಿ ಜಗಳ ಯಾವುದೂ ಮುಖ್ಯವಾದ ಕೆಲಸವಲ್ಲ ಎಂದು ಒಮ್ಮತದಿಂದ ತೀರ್ಮಾನಿಸಿದರು. ಅಲ್ಲಿಯವರೆಗೆ ಆ ಸಭೆಯಲ್ಲಿ ಒಮ್ಮತ ಎಂಬುದನ್ನು ಯಾರೂ ಕಂಡಿರಲಿಲ್ಲ.

ಈಗ ಜಗಳ ಬಂತೆಂದರೆ ಇಬ್ಬರೂ ನಗುನಗುತ್ತ ಗುರುಪಾದಪ್ಪನ ಬಳಿಗೆ ಹೋಗಬೇಕು. ಗುರುಪಾದಪ್ಪ ಕಂಪ್ಯೂಟರ್ ನೋಡಿಕೊಳ್ಳುವ ಗುಮಾಸ್ತ. ಅದನ್ನು ತಾನೇ ಹೆತ್ತವನಂತೆ ಆಡುತ್ತಾನೆ. ಇಬ್ಬರ ಹೆಸರು, ವಿಷಯ ಹೇಳಿದರೆ ಪರದೆಯ ಮೇಲೆ ಒಂದು ಕಿಟಕಿ ತೆರೆಯುತ್ತಾನೆ. ಕಿಟಕಿಯೊಳಗಿನ ಪುಟ್ಟ ಮಷೀನಿಗೆ ನಮ್ಮ ಹಗುರ ರೂಪಗಳು ಇಳಿಯುತ್ತವೆ. "ಮಂಡಿನೋವು, ಸಕ್ಕರೆ ಕಾಯಿಲೆ, ಹುಳುಕು ಹಲ್ಲು ಎಲ್ಲಾ ಹೊರಗೇ ಬಿಟ್ಟು ಹೋಗ್ತವೆ. ಬೇಡದ ಭಾರ ಒಂದೂ ಒಳಗೆ ಇಳಿಯಲ್ಲ. ಅದಕ್ಕೇ ಹಗುರ" ಎಂದು ಆತ ಬಂದವರಿಗೆಲ್ಲ ಹೇಳುತ್ತಾನೆ. ಆಮೇಲೆ ಇಬ್ಬರ ಬಾಯಿಗೂ ಒಂದೊಂದು ಚೂರು ಬೆಲ್ಲ ಹಾಕುತ್ತಾನೆ. ನಾವು ಬೆಲ್ಲ ಚೀಪುತ್ತ ಜೊತೆಯಾಗಿ ಮನೆಗೆ ಹೋಗುತ್ತೇವೆ. ಒಳಗೆ ಹಗುರದವರು ನಮ್ಮ ಪರವಾಗಿ ಜುಟ್ಟು ಹಿಡಿದುಕೊಂಡಿರುತ್ತಾರೆ. ಗುರುಪಾದಪ್ಪ ದಿನಾ ಒಂದು ಸಲ ನೋಡಿ, ಜಗಳ ಮುಗಿದಿದ್ದರೆ ಕಿಟಕಿ ಮುಚ್ಚುತ್ತಾನೆ, ಗೆದ್ದವರ ಹೆಸರು ಪರದೆಯ ಮೇಲೆ ಬರುತ್ತದೆ, ಸೋತವರು ಒಪ್ಪಿಕೊಳ್ಳಬೇಕು. ಒಳಗೆ ನಡೆಯುತ್ತಿರುವ ವಿಷಯವನ್ನು ಹೊರಗೆ ಎತ್ತುವಂತಿಲ್ಲ, ಎತ್ತಿದವರು ಸೋತಂತೆ. ಇನ್ನು ತನ್ನ ಜಗಳವನ್ನು ತಾನೇ ನೋಡುವುದಂತೂ ಮಾನಗೇಡಿನ ಕೆಲಸ, ಬಚ್ಚಲಿನಲ್ಲಿ ಇಣುಕಿದಂತೆ.

ಜನ ಇದಕ್ಕೆ ಎಷ್ಟು ಬೇಗ ಹೊಂದಿಕೊಂಡರೆಂದರೆ ನನಗೇ ಆಶ್ಚರ್ಯ. ಚಿಲ್ಲರೆ ಕೊಡದ ಕಂಡಕ್ಟರನಿಗೆ ಪ್ರಯಾಣಿಕ ಕೈ ಮುಗಿದು, 'ಸಂಜೆ ಗುರುಪಾದಪ್ಪನ ಹತ್ರ ಸಿಗೋಣ ಸಾರ್' ಎನ್ನುತ್ತಾನೆ. ಮಕ್ಕಳಿಗೆ ಒಂದು ಬೈಗುಳವೂ ಬಾರದು, 'ಲೋ' ಎಂದು ಶುರುಮಾಡಿ ಮುಂದೇನೆಂದು ಗೊತ್ತಾಗದೆ ನಿಂತುಬಿಡುತ್ತವೆ. ಹೋದ ವರ್ಷ ಶಾಲೆಯ ಮೈದಾನದಲ್ಲಿ ನಾಟಕ ಆಡಿದರು; ಕೊನೆಯ ಯುದ್ಧದಲ್ಲಿ ರಾಕ್ಷಸ ಗದೆ ಎತ್ತಿಕೊಂಡು ಬಂದವನು ರಾಜನಿಗೆ, 'ನೀವೇ ಮೊದಲು ಹೊಡೀರಿ, ಪರವಾಗಿಲ್ಲ' ಎಂದ. ರಾಜ, 'ಛೆ ಛೆ, ನೀವು ದೂರದಿಂದ ಬಂದಿದೀರಿ' ಎಂದ. ಜನ ಚಪ್ಪಾಳೆ ತಟ್ಟಿ ಮನೆಗೆ ಹೋದರು.

ನನ್ನ ಹೆಸರು ಜಲಜ, ನನ್ನ ಅಕ್ಕನ ಹೆಸರು ಅಂಬುಜ. ಎರಡಕ್ಕೂ ಅರ್ಥ ತಾವರೆಯೇ. ಎರಡನೆಯ ಮಗಳಿಗೆ ಇನ್ನೊಂದು ಹೂವು ಹುಡುಕುವ ತಾಳ್ಮೆ ನಮ್ಮಪ್ಪನಿಗೆ ಇರಲಿಲ್ಲ. ನಾವಿಬ್ಬರೂ ಮನೆಯ ಮುಂದಿನ ಕೋಣೆಯಲ್ಲಿ ಸೀರೆಗೆ ಫಾಲ್ ಹಚ್ಚುತ್ತೇವೆ, ರವಿಕೆ ಹೊಲಿಯುತ್ತೇವೆ. ಅಕ್ಕನ ಗಂಡ ಮದುವೆಯಾದ ಎರಡನೆಯ ವರ್ಷವೇ ತೀರಿಕೊಂಡರು, ಆಗಿನಿಂದ ಅವಳು ನನ್ನ ಜೊತೆಗೇ ಇದ್ದಾಳೆ. ಅವಳ ಹೊಲಿಗೆ ಮಷೀನು ಯಾವಾಗಲೂ ನನ್ನ ಬಲಕ್ಕೆ. ಊಟಕ್ಕೆ ಕೂತರೂ, ಅಂಗಡಿಗೆ ನಡೆದರೂ ಅವಳು ಬಲಕ್ಕೇ ಇರುತ್ತಾಳೆ, ಏಕೆಂದರೆ ನನಗೆ ಎಡಗಿವಿ ಕೇಳಿಸುವುದಿಲ್ಲ. ಚಿಕ್ಕವಳಿದ್ದಾಗ ಅವಳ ಹೊಸ ರಿಬ್ಬನ್ನನ್ನು ನಾನು ಬೀದಿಯ ನಾಯಿಮರಿಯ ಕೊರಳಿಗೆ ಕಟ್ಟಿದ್ದೆ. ಅದಕ್ಕೆ ಅಕ್ಕ ಕೊಟ್ಟ ಏಟು ಅದು. ನಾಯಿಮರಿ ರಿಬ್ಬನ್ ಸಮೇತ ಓಡಿಹೋಯಿತು, ನನ್ನ ಕಿವಿಯೂ ಅದರ ಹಿಂದೆಯೇ ಹೋಯಿತು.

ಒಂಬತ್ತು ವರ್ಷದ ಹಿಂದೆ ನನಗೊಂದು ಸಂಬಂಧ ಕೂಡಿಬಂದಿತ್ತು. ಹುಡುಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮೂಗು ಸ್ವಲ್ಪ ಹೆಚ್ಚೇ ಇತ್ತು, ಆದರೆ ನೋಡಲು ಬಂದ ದಿನ ತಾನು ಕುಡಿದ ಲೋಟವನ್ನು ತಾನೇ ಒಳಗೆ ತಂದಿಟ್ಟಿದ್ದ; ಅಷ್ಟಕ್ಕೇ ನನ್ನ ಮನಸ್ಸು ಕರಗಿಹೋಗಿತ್ತು. ಕಿವಿಯ ವಿಷಯ ಅವನಿಗೆ ನಾನೇ ಹೇಳಬೇಕೆಂದು ಮಾತು ಹೊಂದಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಲಗ್ನಪತ್ರಿಕೆಯ ಹಿಂದಿನ ದಿನ ಅಕ್ಕ ಅವರ ಮನೆಗೆ ಹೋಗಿ, ಕಾಫಿ ಕುಡಿದು, 'ನಮ್ಮ ಜಲಜಂಗೆ ಒಂದು ಕಿವಿ ಕೇಳಲ್ಲ' ಎಂದು ಹೇಳಿ ಬಂದಳು. ಯಾರ ಕೈಯಿಂದ ಆ ಕಿವಿ ಹೋಯಿತೆಂದು ಹೇಳಲಿಲ್ಲ. ಒಂದು ಕಿವಿ ಕೇಳದ ಹೆಂಡತಿ ಎಂದರೆ ಯಾವ ಗಂಡಸಿಗಾದರೂ ಅರ್ಧ ನೆಮ್ಮದಿ ಎಂದು ನಾನು ತಿಳಿದಿದ್ದೆ, ಆ ಮನೆಯವರಿಗೆ ಹಾಗನ್ನಿಸಲಿಲ್ಲ. ಸಂಬಂಧ ಮುರಿಯಿತು.

ಅವತ್ತು ನನಗೆ ಒಂದೇ ಒಂದು ಮಾತು ಕೇಳಬೇಕಾಗಿತ್ತು: ಯಾಕೆ ಹೇಳಿದೆ? ಬಾಯಿ ತೆರೆಯುವಷ್ಟರಲ್ಲಿ ನೆರೆಹೊರೆಯವರು ಸೇರಿ, ನಮ್ಮಿಬ್ಬರ ರಟ್ಟೆ ಹಿಡಿದು, ಬಹಳ ಪ್ರೀತಿಯಿಂದ ಗುರುಪಾದಪ್ಪನ ಬಳಿಗೆ ಸಾಗಿಸಿದರು. ಆತ ವಿಷಯದ ಜಾಗದಲ್ಲಿ 'ಕಿವಿ' ಎಂದು ಒತ್ತಿ ಬೆಲ್ಲ ಕೊಟ್ಟ. ಸಂಜೆಯೊಳಗೆ ತೀರ್ಪು ಬರುತ್ತದೆ ಎಂದುಕೊಂಡೆವು. ಅವತ್ತಿನಿಂದ ನಮ್ಮ ಕಿಟಕಿಯ ಮೇಲೆ 'ನಡೆಯುತ್ತಿದೆ' ಎಂದೇ ಇದೆ. ನಾನೂ ಅಕ್ಕನೂ ಸಾರಿಗೆ ಹುಳಿ ಹೆಚ್ಚಾದದ್ದು, ದಾರದ ಬೆಲೆ, ಎದುರುಮನೆಯವರ ಹೊಸ ಸೋಫಾ ಎಲ್ಲದರ ಬಗ್ಗೆಯೂ ಮಾತಾಡುತ್ತೇವೆ. ಆ ಒಂದು ವಿಷಯ ಮಾತ್ರ ಬಾಯಿಗೆ ಬರುವಂತಿಲ್ಲ. ಮೊದಲು ಎತ್ತಿದವಳು ಸೋತಂತೆ, ಸೋಲುವುದಕ್ಕೆ ಇಬ್ಬರಿಗೂ ಮನಸ್ಸಿಲ್ಲ. ಒಳಗಿನ ಹಗುರ ಜಲಜ ನನ್ನ ಪರವಾಗಿ ಅಷ್ಟು ವರ್ಷ ಬಿಡದೆ ಹೊಡೆದಾಡುತ್ತಿದ್ದಾಳಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಹೀಗಿರುವಾಗ ಈಗಿನ ಅಧ್ಯಕ್ಷೆ ಪುಟ್ಟನಂಜಮ್ಮನವರು ಆಟೋದಲ್ಲಿ ಮೈಕು ಕಟ್ಟಿ ಡಂಗುರ ಸಾರಿಸಿದರು. ಮುಗಿಯದ ಜಗಳಗಳು ತುಂಬಿ ಕಂಪ್ಯೂಟರ್ ಕಾದ ಹೆಂಚಾಗಿದೆ, ಕಂದಾಯ ಕಟ್ಟಿಸಿಕೊಳ್ಳಲೂ ಆಗುತ್ತಿಲ್ಲ, ಆದ್ದರಿಂದ ಬರುವ ಸೋಮವಾರ 'ನಡೆಯುತ್ತಿದೆ' ಎಂದಿರುವ ಎಲ್ಲ ಕಿಟಕಿಗಳನ್ನೂ ಮುಚ್ಚಲಾಗುವುದು. ತೀರ್ಪಿಲ್ಲದೆ ಮುಚ್ಚಿದ ಜಗಳ ಆಗೇ ಇಲ್ಲದ ಜಗಳ. ಅದನ್ನು ಮುಂದೆ ಯಾರೂ ಎಲ್ಲಿಯೂ ಎತ್ತುವಂತಿಲ್ಲ. ಇದನ್ನು ಕೇಳಿ ನಾನು ಕೈಯಲ್ಲಿದ್ದ ರವಿಕೆ ಕೆಳಗಿಟ್ಟೆ. ಇಷ್ಟು ವರ್ಷ ಕಾದದ್ದು ಆ ಒಂದು ಮಾತಿಗಾಗಿ. ಸೋಮವಾರ ಕಳೆದರೆ ಯಾಕೆ ಹೇಳಿದೆ ಎಂದು ಈ ಜನ್ಮದಲ್ಲಿ ಕೇಳುವ ಹಾಗಿಲ್ಲ. ಬಲಕ್ಕೆ ತಿರುಗಿ ನೋಡಿದೆ. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು, ದಾರ ಮಾತ್ರ ಸೂಜಿಯ ಆಚೆಯಿಂದಲೇ ಹೋಗುತ್ತಿತ್ತು.

ಮಾರನೆಯ ದಿನ ನಾನು ಟೇಪು ಹಿಡಿದು ಪುರಸಭೆಗೆ ಹೋದೆ. ಕಂಪ್ಯೂಟರಿನ ಮೇಲೆ ಹಾಕುವ ಗವಸು ನಮ್ಮದೇ ಹೊಲಿಗೆ, ಸುತ್ತ ನೆರಿಗೆ ಇಟ್ಟದ್ದು. "ಹಳೇದು ಮಾಸಿದೆ, ಹೊಸದಕ್ಕೆ ಅಳತೆ ತಗೋಬೇಕು ಗುರುಪಾದಪ್ಪನವರೇ" ಎಂದೆ. ಪುಕ್ಕಟೆಯೇ ಎಂದು ಕೇಳಿ, ಹೌದೆಂದ ಮೇಲೆ ಆತನ ಮುಖ ಅರಳಿತು. "ಒಂದ್ನಿಮಿಷ, ಎಲ್ಲಾ ಕಿಟಕಿ ಒಂದ್ಸಲ ನೋಡ್ಬಿಡ್ತೀನಿ. ನೀವು ಗೋಡೆ ಕಡೆ ತಿರುಗಿ ಜಲಜಮ್ಮ, ನಿಮ್ದೂ ಇದೆ" ಎಂದ. ತಿರುಗಿ ನಿಂತೆ. ಮೌಸ್ ಅಲುಗಿದ ಸದ್ದು, ಅದರ ಹಿಂದೆಯೇ ಸ್ಪೀಕರಿನಿಂದ 'ನೀನು', 'ಏನು ನೀನು', 'ಹೋಗೇ', 'ನೀನ್ ಹೋಗೇ' ಎಂಬ ಎರಡು ಕೀರಲು ದನಿಗಳು. "ನೋಡಿ, ಇಷ್ಟು ವರ್ಷ ಆದ್ರೂ ಒಂಚೂರು ಸುಸ್ತಿಲ್ಲ" ಎಂದು ಗುರುಪಾದಪ್ಪ ಹೊಗಳಿ, ಗವಸು ಮುಚ್ಚಿ, ಟೀ ಕುಡಿಯಲು ಹೋದ.

ನಾನು ಗವಸಿನ ತುದಿಯನ್ನು ಮೆಲ್ಲಗೆ ಎತ್ತಿದೆ, ಮೌಸ್ ಮುಟ್ಟಲಿಲ್ಲ. ಆತ ಕೊನೆಗೆ ತೆರೆದಿದ್ದ ಕಿಟಕಿಯಲ್ಲಿ ನಾವಿದ್ದೆವು. ಆಗಿನ ವಯಸ್ಸಿನವರು, ಒಬ್ಬರ ತಲೆಯಲ್ಲೂ ಬಿಳಿಕೂದಲಿಲ್ಲ. ಜಗಳವಾಡುತ್ತಿರಲಿಲ್ಲ. ಒಂದು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು ಸೀಬೆಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಿದ್ದರು.

"ಹೋದ್ನಾ ಅವನು?" ಎಂದಳು ಹಗುರ ಜಲಜ.

"ಹೋದ. ಇವತ್ತು ಚೆನ್ನಾಗಿ ಕಿರುಚಿದೆ ಕಣೆ ನೀನು" ಎಂದಳು ಹಗುರ ಅಂಬುಜ.

"ಒಂದು ದಿನ ಮರೆತ್ರೂ ಮುಗೀತು ಅಂತ ಮುಚ್ಚೇಬಿಡ್ತಾನೆ ಅಕ್ಕ. ಆಮೇಲೆ ನೀನೆಲ್ಲಿ, ನಾನೆಲ್ಲಿ."

ಅದನ್ನು ಕೇಳಿ ಹಗುರ ಅಂಬುಜ ಅವಳ ಹತ್ತಿರಕ್ಕೆ ಸರಿದು ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಒಳಗಿನ ನಾನು ಬಿದ್ದು ಬಿದ್ದು ನಕ್ಕೆ. ಪಿಸುಗುಟ್ಟಿದ್ದು ಎಡಗಿವಿಯಲ್ಲಿ.

ನನಗೆ ಎಲ್ಲವೂ ತಿಳಿಯಿತು. ಬೇಡದ ಭಾರ ಒಳಗೆ ಇಳಿಯುವುದಿಲ್ಲವಲ್ಲ, ನನ್ನ ಕಿವುಡು ಹೊರಗೇ ಉಳಿದಿತ್ತು. ಕಿವಿಯ ಬಗ್ಗೆ ಜಗಳವಾಡಿ ಬನ್ನಿ ಎಂದು, ಕಿವಿ ಸರಿಯಾಗಿರುವ ಹುಡುಗಿಯೊಬ್ಬಳನ್ನು ಒಳಗೆ ಕಳಿಸಿದ್ದೆವು. ಅವರಿಗೆ ಜಗಳವಾಡಲು ಏನಿದೆ? ಮೊದಲ ದಿನವೇ ಮುಖ ಮುಖ ನೋಡಿಕೊಂಡು ಸೀಬೆಕಾಯಿ ಹುಡುಕಲು ಹೋಗಿರಬೇಕು. ಮೌಸ್ ಅಲುಗಿದಾಗ ಮಾತ್ರ ಎದ್ದು ಕಿರುಚುವುದು. ಇತ್ತ ನಾವು ಬಾಯಿಗೆ ಬೀಗ ಹಾಕಿಕೊಂಡು, ಅವರ ಮರ್ಯಾದೆ ಕಾಯುತ್ತ, ಒಂದೇ ಕೋಣೆಯಲ್ಲಿ ಹೊಲಿಯುತ್ತ ಕೂತಿದ್ದೆವು. ನನ್ನ ಮೈ ಉರಿದುಹೋಯಿತು. ನನ್ನ ಅಕ್ಕನ ಜೊತೆ ನನಗಿಂತ ಚೆನ್ನಾಗಿರಲು ಇವಳು ಯಾರು? ಅದಕ್ಕಿಂತ ಹೆಚ್ಚಾಗಿ, ನಾನು ಹಾಗೆ ನಗಬಲ್ಲೆ ಎಂದೇ ನನಗೆ ಗೊತ್ತಿರಲಿಲ್ಲ. ಗವಸು ಇಳಿಬಿಟ್ಟು ಅಲ್ಲೇ ನಿಂತು ಅತ್ತೆ.

ಸೋಮವಾರ ಬೆಳಿಗ್ಗೆ ಅಕ್ಕನಿಗೆ, "ಅಳತೆ ತಪ್ಪಿದೆ, ಟೇಪಿನ ಆಚೆ ತುದಿ ಹಿಡಿಯೋಕೆ ಇನ್ನೊಬ್ರು ಬೇಕು" ಎಂದು ಸುಳ್ಳು ಹೇಳಿ ಕರೆದುಕೊಂಡು ಹೋದೆ. ವಿಷಯ ಎತ್ತಲಿಲ್ಲ, ಕಟ್ಟುಪಾಡು ಮುರಿಯಲಿಲ್ಲ. ಪುರಸಭೆಯ ಮುಂದೆ ಆಗಲೇ ಜನ ಸೇರಿದ್ದರು, ಮುಚ್ಚುವ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕಿ ಅಧ್ಯಕ್ಷೆಗೆ ಹಾರವನ್ನೂ ತರಿಸಿದ್ದರು. ಮೊದಲು ಮುಚ್ಚಲೆಂದು ನಮ್ಮ ಕಿಟಕಿಯನ್ನೇ ತೆರೆದಿಟ್ಟು, ಗುರುಪಾದಪ್ಪ ಮೈಕು ಸರಿಮಾಡಲು ಹೊರಗೆ ಹೋಗಿದ್ದ. ನಾನು ಗವಸಿನ ತುದಿ ಎತ್ತಿ ಹಿಡಿದು, "ಇಲ್ಲಿ ಹಿಡ್ಕೊ ಅಕ್ಕ" ಎಂದೆ.

ಅಕ್ಕ ಬಗ್ಗಿದಳು, ನೋಡಿದಳು, ಬಗ್ಗಿದ ಹಾಗೆಯೇ ಉಳಿದಳು. "ಅವಳು ನಿನ್ನ ಎಡಗಡೆ ಕೂತಿದಾಳಲ್ಲೇ" ಎಂದಳು.

"ಹೂಂ."

"ನಿಂಗೆ ಕೇಳಿಸ್ತಿದೆ."

"ನಂಗಲ್ಲ. ಅವಳಿಗೆ."

ಅಕ್ಕ ಟೇಪನ್ನು ಮೇಜಿನ ಮೇಲಿಟ್ಟಳು. "ನಾನೇ ಕಣೆ ಹೋಗಿ ಹೇಳಿದ್ದು. ಬೇಕೂಂತಲೇ ಹೇಳಿದ್ದು" ಎಂದಳು.

"ಎತ್ತಬೇಡ ಅಕ್ಕ, ಸೋತುಹೋಗ್ತೀಯ!" ಎಂದೆ. ನಮ್ಮ ಊರಿನ ಅಭ್ಯಾಸ ನೋಡಿ, ಇಷ್ಟು ವರ್ಷ ಕಾದ ಮಾತು ಬರುತ್ತಿದ್ದರೆ ನಾನೇ ಅಡ್ಡ ಕೈ ಹಿಡಿದೆ.

"ಸೋಲ್ತೀನಿ ಬಿಡು. ಆ ಹುಡುಗ ಒಳ್ಳೆಯವನು ಅಂತ ಗೊತ್ತಿತ್ತು. ಲೋಟ ತಂದಿಟ್ನಲ್ಲ, ಅವತ್ತೇ ನಂಗೆ ಹೊಟ್ಟೆ ಉರೀತು. ನೀನು ಹೊರಟುಹೋಗ್ತೀಯ, ಒಂದ್ಸಲವೂ ಹಿಂತಿರುಗಿ ನೋಡಲ್ಲ. ಆಮೇಲೆ ನಾನು ಯಾರ ಬಲಗಡೆ ಕೂತ್ಕೊಳ್ಳಲಿ?"

ಈ ಮಾತಿಗೆ ನಾನು ಕರಗಿ ಅಕ್ಕನನ್ನು ಅಪ್ಪಿಕೊಂಡೆ ಎಂದು ಬರೆದರೆ ಓದುವವರಿಗೆ ಸಂತೋಷವಾದೀತು. ಹಾಗೇನೂ ಆಗಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಜಗಳ ಆಡಿ ಅಭ್ಯಾಸವಿಲ್ಲದ್ದರಿಂದ ಮೊದಲು ಬರೀ ಕೆಮ್ಮು ಬಂತು, ಆಮೇಲೆ ಮಾತು ಬಂತು.

"ಕಿವಿ ತೆಗೆದಿದ್ದೂ ನೀನೇ, ಅದನ್ನ ಊರಿಗೆ ಸಾರಿದ್ದೂ ನೀನೇ! ನನ್ನ ಬಾಳು ಏನು ನಿನ್ನ ರವಿಕೆ ಪೀಸಾ, ನಿಂಗೆ ಬೇಕಾದ ಅಳತೆಗೆ ಕತ್ತರಿಸೋಕೆ? ನನ್ನ ಜೊತೆ ಇರೇ ಅಂತ ಒಂದು ಮಾತು ಬಾಯಿಬಿಟ್ಟು ಕೇಳೋಕಾಗಲಿಲ್ವಾ?"

"ಕೇಳಿದ್ರೆ ಇರ್ತಿದ್ಯಾ?"

"ಇರ್ತಿರಲಿಲ್ಲ!"

"ಮತ್ತೆ?"

"ಮತ್ತೇನು ಮತ್ತೆ! ಹೋಗೋದೋ ಬಿಡೋದೋ ನಾನು ಹೇಳ್ಬೇಕಿತ್ತು, ನೀನಲ್ಲ! ಮನೆಹಾಳಿ!"

ಮನೆಹಾಳಿ ಎಂಬ ಪದ ನಮ್ಮ ಊರಿನಲ್ಲಿ ಅಷ್ಟು ಜೋರಾಗಿ ಕೇಳಿ ಎಷ್ಟು ಕಾಲವಾಗಿತ್ತೋ. ಶಾಮಿಯಾನ ಖಾಲಿಯಾಯಿತು. ಕೋಣೆಯ ಬಾಗಿಲಲ್ಲಿ, ಕಿಟಕಿಯಲ್ಲಿ, ಮೇಜಿನ ಮೇಲೆ ಜನ ತುಂಬಿದರು. ಮುದುಕರ ಕಣ್ಣಲ್ಲಿ ನೀರು ಬಂತು. ನಾಟಕದ ರಾಕ್ಷಸ ಮುಂದಿನ ಸಾಲಿನಲ್ಲಿ ನಿಂತು ನನ್ನ ಕೈ ಆಡುವ ರೀತಿಯನ್ನು ಗಮನವಿಟ್ಟು ಕಲಿಯುತ್ತಿದ್ದ. ನಾನೂ ಅಕ್ಕನೂ ಯಾರನ್ನೂ ನೋಡಲಿಲ್ಲ, ಗಂಟಲು ಹರಿಯುವವರೆಗೆ ಆಡಿದೆವು. ರಿಬ್ಬನ್ ಬಂತು, ನಾಯಿಮರಿ ಬಂತು, ಆ ಹುಡುಗನ ಮೂಗೂ ಬಂತು. ಕೊನೆಗೆ ಇಬ್ಬರೂ ನೆಲದ ಮೇಲೆ ಕೂತು, ಯಾರೋ ಕೊಟ್ಟ ಒಂದೇ ಚೊಂಬಿನಿಂದ ನೀರು ಕುಡಿದೆವು.

ಗುರುಪಾದಪ್ಪ ಗಂಟಲು ಸರಿಮಾಡಿಕೊಂಡು, "ಅಂಬುಜಮ್ಮ ಮೊದಲು ಎತ್ತಿದ್ರು, ಅವರು ಸೋತ ಹಾಗೆ. ಜಲಜಮ್ಮ ಗೆದ್ರು. ಕಿಟಕಿ ಮುಚ್ತೀನಿ" ಎಂದು ಮೌಸ್ ಹಿಡಿದ. ಒಳಗಿನ ಇಬ್ಬರೂ ದಡಬಡ ಎದ್ದು 'ಹೋಗೇ', 'ನೀನ್ ಹೋಗೇ' ಎಂದು ಕೈಬೀಸತೊಡಗಿದರು.

"ಮುಚ್ಚಬೇಡಿ!" ಅಕ್ಕ ಆತನ ಮಣಿಕಟ್ಟು ಹಿಡಿದುಕೊಂಡಳು. "ಅಲ್ಲಿ ಅವಳಿಗೆ ಕಿವಿ ಕೇಳುತ್ತೆ. ಕೈ ಮುಗೀತೀನಿ, ಮುಚ್ಚಬೇಡಿ."

ಅಲ್ಲಿಯವರೆಗೆ ಅವಳ ಮೇಲೆ ಇದ್ದ ಸಿಟ್ಟಿನಲ್ಲಿ ಅರ್ಧ ಆ ಕ್ಷಣ ಇಳಿಯಿತು. ಉಳಿದರ್ಧ ನನ್ನ ಹತ್ತಿರ ಇನ್ನೂ ಇದೆ, ನನಗೆ ಬೇಕಾಗುತ್ತದೆ. "ನಾನು ಗೆಲ್ಲೋಕೆ ಒಪ್ಪಲ್ಲ. ಜಗಳ ಮುಗಿದಿಲ್ಲ, ನಾಳೆಯೂ ಇದೆ" ಎಂದೆ. ಸೋಲಲು ಒಪ್ಪದವರನ್ನು ಏನು ಮಾಡಬೇಕೆಂದು ಕಟ್ಟುಪಾಡಿನಲ್ಲಿತ್ತು, ಗೆಲ್ಲಲು ಒಪ್ಪದವರ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಗುರುಪಾದಪ್ಪ ಅಧ್ಯಕ್ಷೆಯ ಮುಖ ನೋಡಿದ. ಪುಟ್ಟನಂಜಮ್ಮನವರು ನಮ್ಮ ಮುಖ ನೋಡಲೇ ಇಲ್ಲ. ಹಾರ ಕೊರಳಲ್ಲೇ ಇಟ್ಟುಕೊಂಡು, "ನಮ್ಮತ್ತೇದೂ ನಂದೂ ಒಂದು ನಡೀತಿದೆಯಲ್ಲ, ಅದನ್ನ ಸ್ವಲ್ಪ ತೋರ್ಸಿ" ಎಂದರು.

ಕಿಟಕಿ ತೆರೆದು, ಮೌಸ್ ಬಿಟ್ಟು ಸ್ವಲ್ಪ ಹೊತ್ತು ಕಾದೆವು. ಅಲ್ಲಿ ಹಗುರ ಪುಟ್ಟನಂಜಮ್ಮ ಹಗುರ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದರು, ಅತ್ತೆ ಹೇನು ನೋಡುತ್ತಿದ್ದರು. ಆಮೇಲೆ ಜನ ಸಾಲಾಗಿ ನಿಂತು ತಮ್ಮ ತಮ್ಮ ಕಿಟಕಿ ನೋಡಿದರು. ಮುಗಿಯದ ಜಗಳಗಳಲ್ಲಿ ಒಂದೇ ಒಂದು ಜಗಳವೂ ಇರಲಿಲ್ಲ. ಒಂದನ್ನೂ ಮುಚ್ಚಲು ಯಾರೂ ಬಿಡಲಿಲ್ಲ. ಆದರೆ ಕಂಪ್ಯೂಟರಿನಲ್ಲಿ ಜಾಗ ಬೇಕೇಬೇಕಲ್ಲ, ಸಭೆ ಸೇರಿ, ಚರ್ಚಿಸಿ, ಕಂದಾಯದ ತಂತ್ರಾಂಶವನ್ನೇ ತೆಗೆದುಹಾಕಿದರು. ಅದು ನಮ್ಮ ಊರಿನ ಎರಡನೆಯ ಒಮ್ಮತ.

ಹಾಗಾಗಿ ನಾನು ಮೊದಲಿಗೆ ಹೇಳಿದ್ದೆಲ್ಲ ಹಳೆಯ ಮಾತು, ಈಗ ನಾವು ಹೊರಗೇ ಜಗಳವಾಡುತ್ತೇವೆ. ಬೆಲ್ಲದ ಖರ್ಚು ಉಳಿದಿದೆ, ಊರಿನ ನೆಮ್ಮದಿ ಪೂರ್ತಿ ಹಾಳಾಗಿದೆ. ನಾನೂ ಅಕ್ಕನೂ ಮಧ್ಯಾಹ್ನದ ಊಟವಾದ ಮೇಲೆ ಒಂದಿಷ್ಟು ಆಡುತ್ತೇವೆ, ಆಮೇಲೆ ಫಾಲ್ ಹಚ್ಚುತ್ತೇವೆ. ಸಿಟ್ಟು ಹೋಗಿದೆ ಎಂದು ನಾನು ಅವಳಿಗೆ ಹೇಳಿಲ್ಲ, ಅವಳೂ ಕೇಳಿಲ್ಲ. ಮೊನ್ನೆ ಏನಾಯಿತೆಂದರೆ, ನಾನು ಹೊಲಿಯುತ್ತಿದ್ದಾಗ ಅವಳು ಎದ್ದು ಬಂದು, ಎಂದೂ ಇಲ್ಲದ್ದು, ನನ್ನ ಎಡಕ್ಕೆ ಕೂತಳು. ಬಗ್ಗಿ, ಆ ಕಿವಿಯ ಹತ್ತಿರಕ್ಕೆ ಬಾಯಿ ತಂದು ಏನೋ ಹೇಳಿದಳು. ಕೆನ್ನೆಗೆ ಬಿಸಿಯುಸಿರು ತಾಗಿತು, ಒಂದಕ್ಷರವೂ ಕೇಳಿಸಲಿಲ್ಲ. ಕೇಳಿಸುವುದಿಲ್ಲವೆಂದು ಗೊತ್ತಿದ್ದೇ ಹೇಳಿದ್ದಳು.

ನಾನು ಮಷೀನಿನ ಚಕ್ರ ಹಿಡಿದು ನಿಲ್ಲಿಸಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. "ಕಳ್ಳಿ! ಈ ಕಡೆ ಬಂದು ಹೇಳೇ!"

ಅವಳು ಬಲಕ್ಕೆ ಬಂದು ಕೂತಳು. ಹೇಳಿದಳು.